ಬೀಗ ರಿಪೇರಿಯವರು ಇಂಜೆಕ್ಷನ್‌ಗೆ ಬರಬೇಕು

ಬುಧವಾರ, ಊಟದ ಬಿಡುವು
ಆಸ್ಪತ್ರೆ, ಎರಡನೇ ಮಹಡಿ

ರೀ,

‘ಪ್ರಿಯ’ ಎಂದು ಬರೆಯೋಣವೆಂದರೆ ಎರಡು ವರ್ಷದಿಂದ ಬೇರೆ ಬೇರೆ ಮನೆಯಲ್ಲಿದ್ದೇವೆ, ಪೆನ್ನು ಮುಂದಕ್ಕೆ ಹೋಗುವುದಿಲ್ಲ. ‘ಮಾನ್ಯರೇ’ ಎಂದರೆ ಬ್ಯಾಂಕಿನ ನೋಟೀಸು ಎಂದುಕೊಂಡು ನೀವು ಬಿಚ್ಚುವುದೇ ಇಲ್ಲ. ಅದಕ್ಕೇ ಹಳೆಯ ರೂಢಿಯಂತೆ ‘ರೀ’. ಇದರಲ್ಲಿ ಬೇರೆ ಅರ್ಥ ಹುಡುಕಬೇಡಿ. ಬರೆಯುತ್ತಿರುವವಳು ಹೆಂಡತಿಯಲ್ಲ, ನರ್ಸು.

ಮೊನ್ನೆ ನಿಮ್ಮ ಅಂಗಡಿಗೆ ಬಂದವರು ತೆರಿಗೆಯವರಲ್ಲ, ನಮ್ಮ ಸಹೋದ್ಯೋಗಿ. ರೋಗ ಯಾರಿಂದ ಯಾರಿಗೆ ಹೋಯಿತೆಂದು ಹುಡುಕಿ, ಸಂಬಂಧಪಟ್ಟವರಿಗೆ ಗುಟ್ಟಾಗಿ ತಿಳಿಸುವುದು ಅವರ ಕೆಲಸ. ನಾವೆಲ್ಲ ಅವರನ್ನು ಧ್ವನಿವರ್ಧಕ ಎನ್ನುತ್ತೇವೆ. ಅವರು ಪಿಸುಗುಟ್ಟಿದರೆ ರಸ್ತೆಯ ಆಚೆ ಬದಿಯವರೂ ತಿರುಗಿ ನೋಡುತ್ತಾರೆ. ಗುಟ್ಟಿನ ಕೆಲಸಕ್ಕೆ ಇವರನ್ನೇ ಯಾಕೆ ಆರಿಸಿದರೋ ದೇವರಿಗೇ ಗೊತ್ತು. ನಿಮಗೆ ಗೊನೊರಿಯಾ ತಗುಲಿರಬಹುದು, ನಿಮ್ಮ ಜೊತೆಗಿದ್ದ ಒಬ್ಬರು ನಿಮ್ಮ ಹೆಸರು ಕೊಟ್ಟಿದ್ದಾರೆ ಎಂದು ಅವರು ಬಾಯಿ ತೆರೆದದ್ದೇ ತಡ, ನೀವು ಊಹಿಸಲು ಶುರುಮಾಡಿದಿರಂತೆ. ಬೇಕರಿಯವಳಾ ಎಂದಿರಿ. ಹೇಳುವಂತಿಲ್ಲ ಎಂದರು. ಹಾಗಾದರೆ ಡ್ರೈವಿಂಗ್ ಕಲಿಸುವವಳೇ ಸರಿ ಎಂದಿರಿ. ಅವರು ಸುಮ್ಮನೆ ಬರೆದುಕೊಂಡರು. ಕೊನೆಗೆ ಅಂಗಡಿ ಮೇಲಿನ ಮನೆಯ ಟೈಲರಮ್ಮನ ಹೆಸರೂ ಬಂತು. ರೀ, ಅವರು ಒಂದು ಸುದ್ದಿ ಕೊಡಲು ಬಂದವರು, ನೀವು ಮೂರು ಸುದ್ದಿ ಕೊಟ್ಟು ಕಳಿಸಿದಿರಿ! ಇಷ್ಟು ಸಹಕಾರ ಯಾವ ರೋಗಿಯೂ ನಮಗೆ ಕೊಟ್ಟಿಲ್ಲ. ಹಾಗಾದರೆ ಆ ಮೂವರೂ ತಪಾಸಣೆಗೆ ಬರಬೇಕು ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ನೀವು ಹಿಂಬಾಗಿಲಿನಿಂದ ಕಾಲಿಗೆ ಬುದ್ಧಿ ಹೇಳಿದ್ದಿರಿ.

ಇದೆಲ್ಲ ನನಗೆ ಹೇಗೆ ಗೊತ್ತು ಎನ್ನುತ್ತೀರಾ? ಅವರು ಡಾಕ್ಟರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡೇ ವರದಿ ಕೊಟ್ಟರು. ಪಕ್ಕದ ಕೋಣೆಯಲ್ಲಿ ನಾನು ಸಿರಿಂಜ್ ಎಣಿಸುತ್ತಿದ್ದೆ. ಲೆಕ್ಕ ಮತ್ತೆ ಮತ್ತೆ ತಪ್ಪಿತು.

ಈಗ ಕೆಲಸದ ಮಾತು. ಉರಿ ಬಂದಾಗ ನೀವು ಔಷಧಿ ಅಂಗಡಿಯಿಂದ ಯಾವುದೋ ಆಂಟಿಬಯೋಟಿಕ್ ತಂದು, ಎರಡು ದಿನ ನುಂಗಿ, ಆರಾಮಾಯಿತೆಂದು ಬಿಟ್ಟಿರೆಂದೂ ಆ ಗೋಡೆಯೇ ಹೇಳಿತು. ಉಳಿದ ಮಾತ್ರೆಗಳು ಡ್ರಾಯರಿನಲ್ಲಿ ಸ್ಕ್ರೂಗಳ ಜೊತೆ ಬಿದ್ದಿರುತ್ತವೆ, ನಿಮ್ಮನ್ನು ನಾನು ನೋಡದವಳೇ? ಬೀಗದವರಿಗೆ ಬೀಗದ ಮಾತಿನಲ್ಲೇ ಹೇಳುತ್ತೇನೆ. ಈ ರೋಗಾಣು ಒಳಗಿನಿಂದ ಬೀಗ ಬದಲಿಸಿಕೊಂಡಿದೆ, ಹಳೆಯ ಕೀಲಿಕೈ ಯಾವುದೂ ತಿರುಗುವುದಿಲ್ಲ. ಅರ್ಧಂಬರ್ಧ ಮಾತ್ರೆ ನುಂಗಿದಷ್ಟೂ ಅದು ಇನ್ನೂ ಚುರುಕಾಗುತ್ತದೆ. ನಿಮ್ಮ ಹೆಸರು ಕೊಟ್ಟವರ ಸ್ಯಾಂಪಲ್ ಮೇಲೆ ಲ್ಯಾಬಿನವರು ಔಷಧಿಗಳನ್ನೆಲ್ಲ ಒಂದೊಂದಾಗಿ ಪ್ರಯೋಗಿಸಿದರು. ಕೆಲಸ ಮಾಡಿದ್ದು ಒಂದೇ ಒಂದು ಇಂಜೆಕ್ಷನ್. ಇದು ಹೀಗೇ ಹರಡುತ್ತ ಹೋಗಿ ಒಂದು ದಿನ ಅದೂ ಕೈಕೊಟ್ಟರೆ ಮುಂದೇನು ಎಂದು ಕೇಳಿದೆ. ಸದಾ ನಗುವ ನಮ್ಮ ಡಾಕ್ಟರು ನಗಲಿಲ್ಲ. ನನಗೆ ಭಯವಾಗಿದೆ ರೀ, ಸುಳ್ಳು ಯಾಕೆ ಹೇಳಲಿ.

ನಾಳೆ ಬೆಳಗ್ಗೆಯೇ ಬನ್ನಿ. ಸೂಜಿ ಕಂಡರೆ ನಿಮ್ಮ ಗತಿ ಏನೆಂದು ಬಲ್ಲೆ. ಮಗಳಿಗೆ ಲಸಿಕೆ ಹಾಕಿಸಿದ ದಿನ ಅವಳು ಜಗ್ಗದೆ ಕೂತಿದ್ದಳು, ಕುರ್ಚಿಯಿಂದ ಉರುಳಿದವರು ನೀವು. ಈ ಸಲ ಮಲಗಿಸಿಯೇ ಚುಚ್ಚುತ್ತೇವೆ. ಎರಡು ವಾರ ಬಿಟ್ಟು ಮತ್ತೆ ಪರೀಕ್ಷೆಗೆ ಬರಬೇಕು. ಅಲ್ಲಿಯವರೆಗೆ ಬೇಕರಿಗೆ ಹೋದರೆ ಬ್ರೆಡ್ಡು ಮಾತ್ರ ತನ್ನಿ. ಇಲ್ಲಿ ನಿಮ್ಮನ್ನು ಯಾರೂ ಬೈಯುವುದಿಲ್ಲ. ಬೈಯುವವಳು ನಾನೊಬ್ಬಳೇ, ಕೆಲಸದ ಹೊತ್ತಿನಲ್ಲಿ ನನಗೆ ಅದಕ್ಕೆ ಅವಕಾಶವಿಲ್ಲ.

ಹೆಸರು ಕೊಟ್ಟವರು ಯಾರೆಂದು ದಯವಿಟ್ಟು ಇನ್ನು ಊಹಿಸಬೇಡಿ. ಅಷ್ಟು ಇಂಜೆಕ್ಷನ್ ನಮ್ಮ ಸ್ಟಾಕಿನಲ್ಲಿಲ್ಲ.

ಈಗೀಗ ನೀವು ನನ್ನ ಫೋನ್ ಎತ್ತುವುದಿಲ್ಲ, ಹಾಗಾಗಿ ಇದನ್ನು ಷಟರ್ ಕೆಳಗೆ ತೂರಿಸಿ ಹೋಗುತ್ತೇನೆ. ಅಂದ ಹಾಗೆ, ಎರಡು ತಿಂಗಳ ಹಿಂದೆ ನಾನು ಕೀಲಿಕೈ ಕಳೆದುಕೊಂಡು ಬಾಗಿಲಲ್ಲಿ ನಿಂತಿದ್ದಾಗ ನೀವು ಬಂದು ತೆರೆದುಕೊಟ್ಟ ಬೀಗ ಚೆನ್ನಾಗಿದೆ. ಮರುದಿನ ಬೆಳಗ್ಗೆ ನೀವು ಮರೆತುಹೋದ ಸ್ಕ್ರೂಡ್ರೈವರ್ ನನ್ನ ಬಳಿಯೇ ಇದೆ.

ಇಂತಿ,
ಎರಡನೇ ಮಹಡಿಯ ನರ್ಸಮ್ಮ

ತಾ.ಕ.: ಹೆಸರು ಕೊಟ್ಟವರು ಯಾರೆಂದು ನರ್ಸು ಹೇಳುವಂತಿಲ್ಲ. ರೋಗಿ ತಾನೇ ಹೇಳಿಕೊಂಡರೆ ಅಡ್ಡಿಯಿಲ್ಲ. ಹೋದ ತಿಂಗಳು, ಸ್ಯಾಂಪಲ್ ಕೊಡುವುದು ಎಷ್ಟು ಸುಲಭವೆಂದು ಹೊಸ ನರ್ಸುಗಳಿಗೆ ತೋರಿಸಲು ನನ್ನದನ್ನೇ ಕೊಟ್ಟೆ. ನೋವಿಲ್ಲ, ಉರಿಯಿಲ್ಲ, ಏನೂ ಇರುವುದಿಲ್ಲವೆಂಬ ಧೈರ್ಯ. ರೋಗ ಇತ್ತು. ಧ್ವನಿವರ್ಧಕರು ನನ್ನನ್ನೇ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿದರು. ನನ್ನ ಬಳಿ ಇದ್ದದ್ದು ಒಂದೇ ಹೆಸರು. ನೀವು ಅಷ್ಟೆಲ್ಲ ಊಹಿಸಿದಿರಿ, ಹೆಂಡತಿ ಮಾತ್ರ ನೆನಪಿಗೆ ಬರಲಿಲ್ಲ. ಸಿರಿಂಜ್ ಲೆಕ್ಕ ತಪ್ಪಿದ್ದು ಅದಕ್ಕೇ. ನನಗೆ ಇಂಜೆಕ್ಷನ್ ಹಾಕಿಯಾಗಿದೆ. ನೋವಾಗುತ್ತದೆ, ಆದರೂ ಬನ್ನಿ.

ಇನ್ನೊಂದು ಮಾತು. ಆ ಸಂಜೆ ಕೀಲಿಕೈ ನನ್ನ ಚೀಲದಲ್ಲೇ ಇತ್ತು.