ಗುರುಪಾದಪ್ಪನವರ ಅಂಗಿಯ ಗುಂಡಿ

ಗದಗ, 2187ರ ಫೆಬ್ರವರಿ 30

ನಮಗಿಂತ ಬಹಳ ಹಿಂದಿನ ಕಾಲದಲ್ಲಿ ಕುಳಿತು ಆರೈಕೆ ಮನೆಗಳ ಗುಣಮಟ್ಟ ಅಳೆಯಲು ನಮೂನೆ ಬರೆಯುತ್ತಿರುವ ಹಿರಿಯರಿಗೆ, ಆಯಾ ನೀಲವ್ವನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಕ್ಯಾಲೆಂಡರ್ ತಿದ್ದಿದವರು ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನಂಥವಳಿಗೆ ಅದರಿಂದ ಸಿಕ್ಕಿದ್ದು ದುಡಿಯಲು ಇನ್ನೂ ಎರಡು ದಿನ, ಅಷ್ಟೇ. ನೀವು ಕೇಳರಿಯದ ಪದಗಳು ನಡುವೆ ಬಂದರೆ ಮನ್ನಿಸಿ. ಸುಸ್ತಾಗಿದ್ದೇನೆ, ಆದರೂ ಬಿಡಿಸಿ ಹೇಳುತ್ತೇನೆ.

ನಾನು ಮೂವತ್ತೊಂದು ವರ್ಷದಿಂದ ಮರುನಡೆ ಮನೆಯೊಂದರಲ್ಲಿ ಕೆಲಸಕ್ಕಿದ್ದೇನೆ. ಲಕ್ವ ಹೊಡೆದವರು, ಬಿದ್ದು ಸೊಂಟ ಮುರಿದುಕೊಂಡವರು ಆರೆಂಟು ತಿಂಗಳು ಇಲ್ಲಿದ್ದು, ಕೈಕಾಲು ಪಳಗಿಸಿಕೊಂಡು ತಮ್ಮ ಮನೆಗೆ ಮರಳಲಿ ಎಂದು ಕಟ್ಟಿದ್ದು ಇದು. ಬೆಳಿಗ್ಗೆ ಐದಕ್ಕೇ ಅವರನ್ನು ಅಂಗಳದಲ್ಲಿ ನಡೆಸುತ್ತೇವೆ. ಹತ್ತು ಗಂಟೆಗೆ ಬಿಸಿಲಿಗೆ ಹೆದರಿ ಇಡೀ ಊರೇ ಬಾಗಿಲು ಹಾಕಿಕೊಳ್ಳುತ್ತದೆ. ಊಟಕ್ಕೆ ಇಂದಿಗೂ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ಅಷ್ಟರ ಮಟ್ಟಿಗೆ ನಾವಿನ್ನೂ ಕೆಟ್ಟಿಲ್ಲ. ಪ್ರತಿ ಕೋಣೆಯಲ್ಲೂ ಒಂದು ಮೊಗಗೋಡೆ ಇದೆ. ಅದು ಒಳಗಿರುವವರ ಮುಖವನ್ನು ನೋಡುತ್ತಲೇ ಇರುತ್ತದೆ. ಮುಖ ಹಗುರವಾಗಿದ್ದರೆ ಗೋಡೆ ಹಸಿರು. ಹುಬ್ಬು ಗಂಟಿಕ್ಕಿದರೆ ಕೆಂಪು, ಜೊತೆಗೆ ಮೇಲ್ವಿಚಾರಕರ ಕೋಣೆಯಲ್ಲಿ ಗಂಟೆ. ಹೆಚ್ಚು ಹೊತ್ತು ಹಸಿರಾಗಿರುವ ಮನೆಯೇ ಉತ್ತಮ ಆರೈಕೆಯ ಮನೆ, ಬೇರೆ ತಪಾಸಣೆ ಇಲ್ಲ. ಇದನ್ನು ಯಾರೂ ಕೆಟ್ಟ ಮನಸ್ಸಿನಿಂದ ಮಾಡಲಿಲ್ಲ. ಹಳೆಯ ನಮೂನೆಗಳಲ್ಲಿ ಬೇಕಾದಷ್ಟು ಪ್ರಶ್ನೆಗಳಿದ್ದವಂತೆ. ತುಂಬುವವರಿಗೆ ಬೇಜಾರು ಬಂದು ಒಂದೊಂದಾಗಿ ಬಿಟ್ಟುಹೋಗಿ, ಕೊನೆಗೆ ಉಳಿದದ್ದು 'ನಿವಾಸಿ ಸಮಾಧಾನವಾಗಿದ್ದಾರೆಯೇ' ಎಂಬುದೊಂದೇ.

ಕಳೆದ ವರ್ಷ ಗುರುಪಾದಪ್ಪನವರು ಬಂದರು. ವೃತ್ತಿಯಿಂದ ದರ್ಜಿ, ಅರವತ್ತಮೂರು ವಯಸ್ಸು, ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಇಲ್ಲಿಂದ ಬಿಡುಗಡೆಯಾಗಬೇಕಾದರೆ ತಾನೇ ಎದ್ದು ನಿಲ್ಲಬೇಕು, ಉಣ್ಣಬೇಕು, ಅಂಗಿ ಹಾಕಿಕೊಳ್ಳಬೇಕು. ಮೊದಲೆರಡು ಬೇಗ ಬಂದವು. ಉಳಿದದ್ದು ಅಂಗಿ. ದಿನಾ ಬೆಳಿಗ್ಗೆ ಮಂಚದ ಅಂಚಿಗೆ ಕುಳಿತು ಗುಂಡಿಯ ಜೊತೆ ಜಗಳಕ್ಕಿಳಿಯುತ್ತಿದ್ದರು. ಸಾವಿರಾರು ಅಂಗಿಗೆ ಗುಂಡಿ ಹಚ್ಚಿದ ಮನುಷ್ಯ, ಬೆವರಿ, ಹಲ್ಲು ಕಚ್ಚಿ, ಆ ಗುಂಡಿಗೆ ಕೆಟ್ಟ ಬೈಗುಳ ಬೈಯುತ್ತಿದ್ದರು. ಗೋಡೆ ಕೆಂಪಾಗುತ್ತಿತ್ತು, ಗಂಟೆ ಬಡಿಯುತ್ತಿತ್ತು, ನಾನು ಓಡುತ್ತಿದ್ದೆ. "ಬಿಡವಾ, ನಾನ ಹಾಕ್ಕೋತೇನಿ, ಸ್ವಲ್ಪ ಹೊತ್ತ ಹಿಡೀತೈತಿ ಅಷ್ಟ" ಎನ್ನುತ್ತಿದ್ದರು. "ಯಾಕ ತ್ರಾಸ ತಗೋತೀರಿ ಕಾಕಾ, ನಾ ಇಲ್ಲೇನು?" ಎಂದು ಐದೂ ಗುಂಡಿಗಳನ್ನು ಚಕಚಕನೆ ಹಾಕಿಬಿಡುತ್ತಿದ್ದೆ. ಗೋಡೆ ಹಸಿರಾಗುತ್ತಿತ್ತು. ನನಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಗುತ್ತಿತ್ತು, ಸುಳ್ಳೇಕೆ ಹೇಳಲಿ. ನಾಲ್ಕನೇ ತಿಂಗಳಿಗೆ ಅವರು ಬೇಡ ಅನ್ನುವುದನ್ನು ಬಿಟ್ಟರು. ಆರನೆಯದಕ್ಕೆ ಕೈ ಎತ್ತುವುದನ್ನೂ ಬಿಟ್ಟರು. ಆಮೇಲೆ ಅವರ ಗೋಡೆ ಒಂದು ದಿನವೂ ಕೆಂಪಾಗಲಿಲ್ಲ. ಮೇಲ್ವಿಚಾರಕರು ಬೇರೆ ಊರಿನ ಆಯಾಗಳನ್ನು ಕರೆತಂದು ಆ ಕೋಣೆಯನ್ನು ತೋರಿಸಿದರು, ನನಗೊಂದು ಶಾಲು ಹೊದಿಸಿದರು.

ಹತ್ತು ದಿನದ ಕೆಳಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಅವರ ಬೆರಳುಗಳನ್ನು ಮಡಿಸಿ ನೋಡಿ, ಬಿಗಿದುಹೋಗಿವೆ, ಕಲಿಯುವ ಹೊತ್ತು ದಾಟಿತು ಎಂದರು. ಮನೆಗೆ ಹೋಗಲಾಗದವರನ್ನು ನಾವು ಉಳಿಮನೆಗೆ ಕಳಿಸುತ್ತೇವೆ. ಅಲ್ಲಿಂದ ಯಾರೂ ಮರಳುವುದಿಲ್ಲ. ಇನ್ನೂ ಮೂರು ತಿಂಗಳು ಕೊಡಿ, ಗೋಡೆ ಕೆಂಪಾದರೂ ಆಗಲಿ, ನಾನು ಕೈಕಟ್ಟಿ ಕುಳಿತು ಕಲಿಸುತ್ತೇನೆ ಎಂದು ಮೇಲ್ವಿಚಾರಕರನ್ನು ಬೇಡಿಕೊಂಡೆ. ಇಷ್ಟು ಸಮಾಧಾನವಾಗಿರುವ ಮನುಷ್ಯನನ್ನು ಯಾಕೆ ಗೋಳು ಹೊಯ್ದುಕೊಳ್ಳುತ್ತೀ ಎಂದರು.

ಈ ಪತ್ರ ನಿಮಗೆ ತಲುಪಿದರೆ ನಮೂನೆಯಲ್ಲಿ ಒಂದು ಪ್ರಶ್ನೆ ಸೇರಿಸಿ: ಇವತ್ತು ಈ ಮನುಷ್ಯ ತಾನೇ ಏನು ಮಾಡಿಕೊಂಡ, ಅದಕ್ಕಾಗಿ ನೀವು ಎಷ್ಟು ಹೊತ್ತು ಕಾದಿರಿ? ಉತ್ತರ ಬರೆಯಲು ಎಷ್ಟೇ ಬೇಜಾರಾದರೂ ಅದನ್ನು ತೆಗೆಯಗೊಡಬೇಡಿ.

ಇವತ್ತು ಬೆಳಿಗ್ಗೆ ಗುರುಪಾದಪ್ಪನವರನ್ನು ಉಳಿಮನೆಗೆ ಕರೆದೊಯ್ಯುವ ಗಾಡಿ ಬಂತು. ಅವರಿಗೆ ಅಂಗಿ ತೊಡಿಸಿ, ಗುಂಡಿ ಹಾಕದೆ ಕೈ ಹಿಂದೆ ಕಟ್ಟಿ ನಿಂತೆ. ಒಂದೇ ಒಂದು ಗುಂಡಿಗಾದರೂ ಕೈ ಎತ್ತಲಿ, ಗಾಡಿಯನ್ನು ವಾಪಸು ಕಳಿಸುತ್ತೇನೆ ಅಂದುಕೊಂಡಿದ್ದೆ. ಅವರು ಗದ್ದ ಮೇಲೆತ್ತಿ, ಎದೆ ಮುಂದೆ ಮಾಡಿ ಕಾದರು. ನಾನು ಮುಟ್ಟಲಿಲ್ಲ. ಏನು ತಪ್ಪಾಯಿತೋ ಎಂದು ಹೆದರಿ ಅವರ ಹುಬ್ಬು ಗಂಟಿಕ್ಕಿತು, ಗೋಡೆ ಕೆಂಪಾಯಿತು, ಗಂಟೆ ಬಡಿಯಿತು. ನಾನು ಐದೂ ಗುಂಡಿ ಹಾಕಿಬಿಟ್ಟೆ. ಅವರು ನಕ್ಕರು.

ನೀವಾದರೂ ಕಾಯಿರಿ.

ನೀಲವ್ವ