ಗ್ರೇಸಳ ಕಪಾಟು

ಪ್ರೀತಿಯ ಮಾಲತಿ ಅಕ್ಕಾವರಿಗೆ,

ನೀವು ತೀರಿಕೊಂಡ ಮೇಲೆ ಪುಣೆಯ ವಿಮಾನ ನಗರದ ಆಫೀಸಿನಲ್ಲಿ ನಿಮ್ಮ ಕುರ್ಚಿಯ ಮೇಲೆ ಯಾರೂ ಕೂರಲಿಲ್ಲ ಎಂದು ಬರೆದರೆ ಅದು ಶುದ್ಧ ಸುಳ್ಳು. ತಿಂಗಳು ತುಂಬುವುದರೊಳಗೆ ಕೂತರು. ಈಗ ಕುರ್ಚಿಯೂ ಮಾರಿಹೋಗಿದೆ, ಅರ್ಧ ಆಫೀಸು ಖಾಲಿ. ಆಫ್ರಿಕಾದ ಮಲಾವಿಯಲ್ಲಿನ ನಮ್ಮ ಕ್ಷಯರೋಗ ಯೋಜನೆಗೆ ದುಡ್ಡು ಕೊಡುತ್ತಿದ್ದ ಪರದೇಶದ ಸರ್ಕಾರ ಒಂದು ಮೇಲ್ ಕಳಿಸಿತು: ಕೆಲಸ ನಿಲ್ಲಿಸಿ. ಅಷ್ಟೇ. ಅರ್ಧ ಔಷಧ ನುಂಗಿದವರು ಏನು ಮಾಡಬೇಕು ಎಂದು ಅದರಲ್ಲಿ ಇರಲಿಲ್ಲ.

ನೀವು ಮೊದಲ ಸಲ ಮಲಾವಿಗೆ ಹೋಗಿ ಬಂದಾಗ ಚಹಾ ಹೀರುತ್ತ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಅಲ್ಲಿ ನೀವು ಹಾಕಿದ ನಿಯಮ: ಹಳ್ಳಿಯ ದವಾಖಾನೆಗೆ ರೋಗಿ ಬಂದ ಕೂಡಲೇ ಅವರ ಹೆಸರಿನ ಡಬ್ಬಿ, ಅದರಲ್ಲಿ ಕೊನೆಯ ದಿನದವರೆಗಿನ ಗುಳಿಗೆ. ಡಬ್ಬಿ ತುಂಬದಿದ್ದರೆ ಚಿಕಿತ್ಸೆ ಶುರುವೇ ಇಲ್ಲ. "ಅರ್ಧಕ್ಕ ಬಿಟ್ಟರ ಜಡ್ಡು ಆಮ್ಯಾಲೆ ಯಾವ ಔಷಧಕ್ಕೂ ಬಗ್ಗಂಗಿಲ್ಲ ನೋಡವಾ," ಅಂದಿರಿ. ನನಗೆ ಕಟುವಾಗಿ ಕೇಳಿಸಿತ್ತು. ಆದರೆ ನೀವು ಕೈಹಿಡಿದು ಕಲಿಸಿದ ಅಲ್ಲಿನ ನರ್ಸ್ ಗ್ರೇಸ್ ಅದನ್ನು ವೇದವಾಕ್ಯ ಮಾಡಿಕೊಂಡಳು. ನಿಮ್ಮನ್ನು "ಅಕ್ಕಾ" ಎನ್ನಲೂ ಕಲಿತಳು.

ನಿಮ್ಮ ನಂತರ ಬಂದ ಸಾಹೇಬರ ಮೊದಲ ಮೀಟಿಂಗು ನೀವು ನೋಡಬೇಕಿತ್ತು. "ಆ ನರ್ಸಿನ ಕಪಾಟು ತುಂಬ ಔಷಧ ಯಾಕ ಕೊಳಿಸ್ತೀರಿ? ತಿಂಗಳಾ ತಿಂಗಳಾ ತರಿಸ್ರಿ," ಅಂದರು. "ಸರ, ಅಕ್ಕಾವ್ರು…" ಎಂದೆ. "ಅಕ್ಕಾವ್ರ ಕಾಲ ಮುಗೀತ್ರಿ." ದಾನಿಗಳು ಬೆನ್ನು ತಟ್ಟಿದರು, ನಾವು ಕೇಕ್ ಕತ್ತರಿಸಿದೆವು, ಹೆಸರಿನ ಡಬ್ಬಿಗಳು ಮೂಲೆ ಸೇರಿದವು. ಮುಂದಿನ ತಿಂಗಳ ಔಷಧ ಬರದೇ ಹೋದರೆ ಎಂದು ಒಬ್ಬರಿಗಾದರೂ ಹೊಳೆಯಬಾರದಿತ್ತೇ?

ಹೋದ ವಾರ ಅದೇ ಸಾಹೇಬರ ಮುಂದೆ ನಿಂತು, ಪುಣೆಯಲ್ಲೇ ವಂತಿಗೆ ಎತ್ತಿ ಔಷಧ ಕೊಂಡು ಕಳಿಸೋಣ ಎಂದೆ. "ಕಳಸೂದು ಹೆಂಗವಾ? ಆ ದೇಶಕ್ಕ ಔಷಧ ಒಯ್ಯೂ ಪರವಾನಗಿ ದಾನಿಗಳ ಹೆಸರಿನ್ಯಾಗ ಇತ್ತು. ಅದೂ ರದ್ದಾಗ್ಯದ. ಕಳಿಸಿದ್ರೂ ಎಲ್ಲೋ ಗೋದಾಮಿನ್ಯಾಗ ಬಿದ್ದು ಹಾಳಾಗ್ತದ," ಅಂದರು. ದನಿ ಸೋತುಹೋಗಿತ್ತು. ಜಗಳಕ್ಕೆಂದೇ ಹೋದವಳಿಗೆ ಜಗಳವಾಡಲೂ ಆಗಲಿಲ್ಲ.

ನಿನ್ನೆ ಊಟಕ್ಕೆ ಕೂತಾಗ ಗ್ರೇಸಳ ಫೋನು. ಉಳಿದ ಗುಳಿಗೆಗಳನ್ನೆಲ್ಲ ಸೇರಿಸಿ, ಚಿಕಿತ್ಸೆ ಮುಗಿಯಲು ಬಂದವರ ಹೆಸರಿನಲ್ಲಿ ಮತ್ತೆ ಡಬ್ಬಿ ತುಂಬಿಸಿದ್ದಾಳಂತೆ. ಉಳಿದವರಿಗೆ ಇಲ್ಲ.

"ಹೊಸಬರು ಬಂದರೆ?" ಎಂದೆ.

"ಬರುತ್ತಲೇ ಇದ್ದಾರೆ. ಕಫ ಪರೀಕ್ಷೆ ಮಾಡುತ್ತೇನೆ, ರೋಗ ಇದೆ ಅನ್ನುತ್ತೇನೆ, ಮನೆಗೆ ಕಳಿಸುತ್ತೇನೆ."

ಮಾತಿನ ನಡುವೆ ಕೆಮ್ಮಿದಳು. ಮತ್ತೆ ಕೆಮ್ಮಿದಳು. ಎಂದಿನಿಂದ ಎಂದು ಕೇಳಿದೆ.

"ನನ್ನದೂ ಪರೀಕ್ಷೆ ಆಯಿತು. ಇದೆ."

"ನಿನ್ನ ಡಬ್ಬಿ?"

"ಪೂರ್ತಿ ಇಲ್ಲದೆ ಶುರು ಮಾಡಬೇಡ ಅಂದವರು ಅಕ್ಕನೇ ಅಲ್ಲವೇ? ನಾನೂ ಹೊಸಬಳೇ."

ಅಕ್ಕಾವ್ರೆ, ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ? ನಿಮ್ಮ ಮಾತನ್ನು ನೀವೇ ಮುರಿಯುತ್ತಿದ್ದಿರಾ, ಅಥವಾ… ನಿಮ್ಮ ಮೇಲೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ಅವಳು ಹೋದರೆ ಆ ಡಬ್ಬಿಗಳನ್ನು ಹಂಚುವವರಾದರೂ ಯಾರು?

ಇವತ್ತು ಬೆಳಗ್ಗೆ ಅವಳಿಗೆ ಫೋನು ಮಾಡಿ ನಿಮ್ಮ ಹೆಸರಿನಲ್ಲಿ ಒಂದು ಸುಳ್ಳು ಹೇಳಿದೆ. "ಅಕ್ಕಾವರು ಹೋಗುವ ಮುಂಚೆ ನನಗೆ ಹೇಳಿದ್ದರು ಗ್ರೇಸ್, ಎಂಥ ಕಷ್ಟ ಬಂದರೂ ಮೊದಲು ನರ್ಸಿನ ಡಬ್ಬಿ ತುಂಬಬೇಕು ಅಂತ." ನಂಬಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಹಾಗಾದರೆ ಯಾರ ಡಬ್ಬಿಯಿಂದ ತೆಗೆಯಲಿ? ಅದನ್ನೂ ಅಕ್ಕ ಹೇಳಿದ್ದಾರಾ?"