ನೀವು ಕೈಮುಗಿದ ಲುಂಗಿ

ನಮ್ಮೂರ ಹೈಸ್ಕೂಲಿನ ಆಡಳಿತ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ, ಕಳೆದ ಮಂಗಳವಾರ ತಾವು ಶಾಲೆಯ ಗೇಟಿನ ಮುಂದೆ ಜೀಪು ನಿಲ್ಲಿಸಿ, ಚಪ್ಪಲಿ ಕಳಚಿ, ಬೇವಿನ ಮರಕ್ಕೆ ಕಟ್ಟಿದ್ದ ನೀಲಿ ಚೌಕಳಿಯ ಬಟ್ಟೆಗೆ ಭಕ್ತಿಯಿಂದ ಕೈಮುಗಿದಿರಿ. ಅದು ನಮ್ಮ ಅಪ್ಪನ ಲುಂಗಿ. ಅದು ಅಲ್ಲಿಗೆ ಹೋದದ್ದಕ್ಕೆ ಯಲ್ಲಮ್ಮ ಕಾರಣಳಲ್ಲ, ತಾವು. ೧೯೯೭ನೆಯ ಇಸವಿಯಲ್ಲೂ ಹತ್ತನೆಯ ತರಗತಿಯ ಹುಡುಗರು ಖಾಕಿ ಚಡ್ಡಿಯನ್ನೇ ಹಾಕಬೇಕೆಂಬ ತಮ್ಮ ನಿಯಮವನ್ನು ಈ ತಿಂಗಳೇ ತೆಗೆಯಬೇಕೆಂದು ಕೇಳಲು ಪತ್ರಿಕೆಯ ಮೂಲಕ ಈ ಪತ್ರ. ಎದುರಿಗೆ ನಿಂತು ಹೇಳುವ ಧೈರ್ಯ ನನಗಿಲ್ಲ. ನೆಂಟರು ಬಂದರೆ ನೀರಿನ ತಂಬಿಗೆಯನ್ನು ಹೊಸ್ತಿಲ ಮೇಲಿಟ್ಟು ಒಳಗೆ ಓಡುವವಳು ನಾನು. ಹುಡುಗರ ಚಡ್ಡಿಯ ವಿಷಯವನ್ನು ಹೆಣ್ಣುಮಗಳು ಪತ್ರಿಕೆಗೆ ಬರೆಯುವುದೇ ಎಂದು ತಾವು ಕೇಳಬಹುದು. ಊರಿನ ಗಂಡಸರು ಬರೆಯಲಿ ಎಂದು ಕಾದು ನೋಡಿದೆ. ಅವರೆಲ್ಲ ಧೋತರ ಉಟ್ಟು ಆರಾಮ ಇದ್ದಾರೆ.

ನನ್ನ ತಮ್ಮ ಯುವರಾಜ ಹತ್ತನೆಯ ತರಗತಿ. ಅಪ್ಪನಿಗಿಂತ ಎತ್ತರ, ಮೀಸೆ ಮೂಡಿದೆ, ಧ್ವನಿ ಒಡೆದಿದೆ. ಮೊದಲು ಗಣಿತದಲ್ಲಿ ಎಲ್ಲರಿಗಿಂತ ಮುಂಚೆ ಕೈ ಎತ್ತುತ್ತಿದ್ದ. ಆದರೆ ಉತ್ತರ ಸರಿ ಹೇಳಿದವನನ್ನು ಮಾಸ್ತರರು ಬೋರ್ಡಿಗೆ ಕರೆಯುತ್ತಾರೆ. ಬೋರ್ಡಿನ ಮೇಲ್ಭಾಗದಲ್ಲಿ ಬರೆಯಲು ತೋಳೆತ್ತಿದರೆ ಚಡ್ಡಿಯೂ ಜೊತೆಗೆ ಮೇಲೇರುತ್ತದೆ, ಹಿಂದೆ ಹೆಣ್ಣುಮಕ್ಕಳ ಸಾಲು. ಒಂದು ದಿನ ಸಪ್ನಾ ಎಂಬ ಹುಡುಗಿ ನಕ್ಕಳಂತೆ. ಅವಳು ಬೇರೆ ಯಾವುದಕ್ಕೋ ನಕ್ಕಿರಬಹುದು, ಆದರೆ ಹದಿನಾರು ವರ್ಷದ ಹುಡುಗನಿಗೆ ಅದನ್ನು ತಿಳಿಸಿ ಹೇಳುವವರು ಯಾರು? ಅಂದಿನಿಂದ ಚೀಲವನ್ನು ಮೊಣಕಾಲ ಮೇಲಿಟ್ಟುಕೊಂಡು, ಏನು ಕೇಳಿದರೂ ಗೊತ್ತಿಲ್ಲ ಎನ್ನುತ್ತಾನೆ. ಶಾಲೆಯಲ್ಲಿ ದಡ್ಡ ಎಂದು ಹೆಸರಾಗಿದೆ.

ಅಪ್ಪ ತಮ್ಮಲ್ಲಿಗೆ ಬಂದು ಕೇಳಿದಾಗ ತಾವು, "ಚಡ್ಡಿ ಶಿಸ್ತು ಕಲಸತೈತಿ ಸೋಮಪ್ಪಾ, ಗಾಳಿನೂ ಆಡತೈತಿ" ಎಂದಿರಂತೆ. ಇಷ್ಟು ಗುಣವಿರುವ ವಸ್ತುವನ್ನು ತಾವೇಕೆ ಧರಿಸುವುದಿಲ್ಲ? ಆಡಳಿತ ಮಂಡಳಿಯ ಹಿರಿಯರೆಲ್ಲ ಮುಂದಿನ ಸಭೆಗೆ ಚಡ್ಡಿಯಲ್ಲಿ ಬಂದು ವೇದಿಕೆಯ ಮೇಲೆ ಸಾಲಾಗಿ ಕುಳಿತರೆ, ಮಕ್ಕಳಿಗೆ ಅದಕ್ಕಿಂತ ದೊಡ್ಡ ಮೇಲ್ಪಂಕ್ತಿ ಬೇಕೆ?

ದೊಡ್ಡ ಹುಡುಗರು ತಮ್ಮ ಪಾಡಿಗೆ ಒಂದು ಉಪಾಯ ಮಾಡಿದರು. ಚಡ್ಡಿಯ ಮೇಲೆ ಅಪ್ಪಂದಿರ ಲುಂಗಿ ಸುತ್ತಿಕೊಂಡು ಬಜಾರು ದಾಟುವುದು, ಗೇಟಿನ ಹೊರಗಿನ ಬೇವಿನ ಕೊಂಬೆಗೆ ಅದನ್ನು ಗಾಳಿಗೆ ಹಾರದಂತೆ ಗಂಟು ಹಾಕುವುದು, ಶಾಲೆ ಬಿಟ್ಟ ಮೇಲೆ ಬಿಚ್ಚಿ ಮತ್ತೆ ಸುತ್ತಿಕೊಳ್ಳುವುದು. ಬನದ ಹುಣ್ಣಿಮೆಯ ಜಾತ್ರೆ ಹತ್ತಿರ ಬಂದದ್ದು ಯಾರ ಲಕ್ಷ್ಯದಲ್ಲೂ ಇರಲಿಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಎತ್ತಿನ ಚಕ್ಕಡಿಗಳು ಅದೇ ದಾರಿಯಲ್ಲಿ ಬಂದವು. ಬೇವಿನ ಮರ, ಮರದ ತುಂಬ ಗಂಟು ಹಾಕಿದ ಬಣ್ಣದ ಬಟ್ಟೆ. ಭಕ್ತರು ಇನ್ನೇನು ತಿಳಿಯಬೇಕು? ಒಂದು ಚಕ್ಕಡಿಯವರು ಭಂಡಾರ ಎರಚಿದರು. ಹಿಂದಿನವರು ಕಾಯಿ ಒಡೆದರು. ಯಾರೋ ಕುಪ್ಪಸದ ಖಣ ಕಟ್ಟಿದರು. ಶಾಲೆ ಬಿಡುವ ಹೊತ್ತಿಗೆ ಲುಂಗಿಗಳೆಲ್ಲ ಹಳದಿಯಾಗಿ, ಕೆಳಗೆ ರಾಮದುರ್ಗದ ಕಡೆಯ ಒಬ್ಬ ಮುದುಕಿ ಊದಿನಕಡ್ಡಿ ಹಚ್ಚಿ ಕುಳಿತಿದ್ದಳು. ಉಳಿದ ಹುಡುಗರು ಓಡಿಹೋದರು. ಯುವರಾಜ ಕೊಂಬೆಗೆ ಕೈ ಹಾಕಿದ.

"ಮುಟ್ಟಬ್ಯಾಡೋ ತಮ್ಮಾ, ದೇವರ ಅರಿವಿ ಅದು."

"ನಂದದು ಆಯಿ. ನಾನ ಕಟ್ಟೇನಿ."

"ನೀ ಕಟ್ಟೀ ಅಂದ್ರ ಹರಕಿ ಆತು. ತೀರೂತನಕ ಬಿಚ್ಚಬಾರದು. ಏನ ಬೇಡಿಕೊಂಡಿ?"

ಅವನು ತನ್ನ ಕಾಲುಗಳನ್ನು ನೋಡಿಕೊಂಡು, "ಫುಲ್ ಪ್ಯಾಂಟು" ಎಂದ.

ಮುದುಕಿ ನಗಲಿಲ್ಲ. ಹಣೆಗೆ ಭಂಡಾರ ಹಚ್ಚಿ, "ತಾಯಿ ಯಾರ ಕೈಲೆರ ಕೊಡಸ್ತಾಳ, ಹೋಗು" ಎಂದಳು. ಅವನು ಹಳದಿ ಹಣೆ ಹೊತ್ತು, ಚಡ್ಡಿಯಲ್ಲೇ ಬಜಾರು ದಾಟಿ ಬಂದ.

ಮರುದಿನ ತಮ್ಮ ಅಪ್ಪಣೆಯಾಯಿತು: ದೇವರ ಮರಕ್ಕೆ ವಿದ್ಯಾರ್ಥಿಗಳು ಲುಂಗಿ ಕಟ್ಟಿ ಮೈಲಿಗೆ ಮಾಡಕೂಡದು. ಅಂದಿನಿಂದ ಯುವರಾಜ ಶಾಲೆಗೆ ಹೋಗಿಲ್ಲ. ಪರೀಕ್ಷೆ ಮಾರ್ಚಿಗಿದೆ. ಮನೋಳಿಯಲ್ಲಿ ಟ್ರ್ಯಾಕ್ಟರ್ ಕೆಲಸಕ್ಕೆ ಸೇರುತ್ತೇನೆ, ಅಲ್ಲಿ ಯಾರೂ ಕಾಲು ನೋಡುವುದಿಲ್ಲ ಎನ್ನುತ್ತಾನೆ.

ಹುಡುಗಿಯರಿಗೆ ತಾವು ಮೊಣಕಾಲಿನವರೆಗಿನ ಸ್ಕರ್ಟ್ ಇಟ್ಟಿದ್ದೀರಿ. ಅದನ್ನು ನೋಡಿಯೇ ಅವ್ವ ನನ್ನನ್ನು ಏಳನೆಯ ತರಗತಿಗೆ ನಿಲ್ಲಿಸಿದಳು. ನನಗೆ ಆಗ ಬೇವಿನ ಮರದ ಉಪಾಯವೂ ಹೊಳೆಯಲಿಲ್ಲ.

ಆದ್ದರಿಂದ ಹುಡುಗರಿಗೆ ಪ್ಯಾಂಟು, ಹುಡುಗಿಯರಿಗೆ ಚೂಡಿದಾರ ಎಂದು ಬರೆಸಿ ಗೇಟಿಗೆ ಅಂಟಿಸಿರಿ. ತಾಯಿ ಯಾರ ಕೈಯಿಂದ ಕೊಡಿಸುತ್ತಾಳೋ ಎಂದು ಸುತ್ತಲೂ ನೋಡಿದೆ. ತಮ್ಮ ಕೈ ಬಿಟ್ಟರೆ ಬೇರೆ ಕಾಣಲಿಲ್ಲ. ಆ ಕೈ ಲುಂಗಿಗೆ ಹೇಗೂ ಮುಗಿದಾಗಿದೆ.

ಸ್ವಲ್ಪ ಬೇಗ ಮಾಡಿರಿ. ಅಪ್ಪನಿಗೆ ಮನೆಯಲ್ಲಿ ಉಡಲು ಇದ್ದ ಲುಂಗಿ ಅದೊಂದೇ. ಹರಕೆ ತೀರದೆ ಬಿಚ್ಚುವಂತಿಲ್ಲವಾದ್ದರಿಂದ ಯುವರಾಜನ ಖಾಕಿ ಚಡ್ಡಿ ಹಾಕಿಕೊಂಡು ಕುಳಿತಿದ್ದಾನೆ. ಗಾಳಿ ಆಡುವುದು ನಿಜವಂತೆ. ಆದರೆ ನೆಂಟರು ಬಂದರೆ ಒಳಗೆ ಓಡಲು ಈಗ ನನಗೆ ಜೊತೆ ಸಿಕ್ಕಿದೆ.

ಇಂತಿ, ಹೊಸ್ತಿಲ ಒಳಗಿನಿಂದ,
ಯುವರಾಜನ ಅಕ್ಕ
(ಏಳನೆಯ ತರಗತಿ ಪಾಸು, ಮುಂದೆ ಸ್ಕರ್ಟ್ ಅಡ್ಡ ಬಂತು)